ಪೆಟ್ಟಿಗೆಯ ಒಳಮೈ

"ಹೊರಗೆ ಗೇರೆಣ್ಣೆ ಹಚ್ಚಿದ್ದು ಸರಿ ಮಾರಾಯ್ರೆ, ಮಳೆ ತಡೀತದೆ. ಒಳಗೆ ಯಾಕೆ ಪಾಲಿಶ್ ಹೊಡೆದ್ರಿ? ಮರಿಗಳು ಹತ್ತಕ್ಕಾಗದೆ ಜಾರಿ ಜಾರಿ ಒಳಗೇ ಸಾಯ್ತವೆ," ಎಂದು ಸರ್ವಮಂಗಳಾ ಟೀಚರ್ ಹಕ್ಕಿಗೂಡಿನ ಪೆಟ್ಟಿಗೆಯನ್ನು ಮನೆಯಂಗಳದಲ್ಲಿ ಕೂತಿದ್ದ ಬಡಗಿ ಅಜ್ಮತ್‌ನ ಮುಂದಿಟ್ಟು ಹೋದರು.

ನಲವತ್ತು ವರ್ಷ ಎನ್.ಆರ್. ಪುರದ ಮಂಚ, ಬಾಗಿಲುಗಳನ್ನು ಕನ್ನಡಿಯಂತೆ ಮಾಡಿದ ಕೈ. ಯಾರೂ ನೋಡದ ಕಡೆಯೂ ಒರಟು ಬಿಟ್ಟು ಗೊತ್ತಿರಲಿಲ್ಲ. "ಚಂದ ಮಾಡಿದ್ದೂ ತಪ್ಪಾಯ್ತಲ್ಲ," ಎಂದು ಗೊಣಗುತ್ತ, ಸೋತ ಸೊಂಟ ಬಗ್ಗಿಸಿ ಅಜ್ಮತ್ ಪೆಟ್ಟಿಗೆಯ ಮುಂದಿನ ಹಲಗೆ ಬಿಚ್ಚಿದ. ಒಳಮೈಯ ಪಾಲಿಶ್ ಕೆರೆದು, ಮರಿಗಳ ಉಗುರಿಗೆ ಹಿಡಿತ ಸಿಗುವಂತೆ ಉಳಿಯಿಂದ ಅಡ್ಡಡ್ಡ ಗೀರತೊಡಗಿದ.

ಆಗ ಹೆಂಡತಿ ಅಮೀರ್ ಬೀ ಕಾಲೆಳೆಯುತ್ತ ಹೊಸ್ತಿಲಿಗೆ ಬಂದಳು. ಲಕ್ವ ಹೊಡೆದ ಮೇಲೆ ಅವಳು ಅಂಗಳಕ್ಕಿಳಿದಿರಲಿಲ್ಲ. ಮನಸ್ಸಿಲ್ಲವೇನೋ ಎಂದು ಅವನು ಸುಮ್ಮನಿದ್ದ. ಮೆಟ್ಟಿಲಿಳಿಯಲು ಅವಳು ಅವನೇ ಪಾಲಿಶ್ ಮಾಡಿದ ಬೀಟೆಯ ಬಾಗಿಲುವಾಡ ಹಿಡಿದಳು. ಕೈ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. "ಬಿಡಿ, ಇಲ್ಲೇ ಕೂತ್ಕೋತೀನಿ," ಎಂದು, ರೂಢಿಯಾದವಳಂತೆ ಒಳಗೇ ಕುಳಿತಳು.

ಅಜ್ಮತ್ ಉಳಿ ಹಿಡಿದೇ ಎದ್ದು ಬಂದ. ಊರವರನ್ನೆಲ್ಲ ಕರೆದು ತೋರಿಸುತ್ತಿದ್ದ ಆ ಬಾಗಿಲುವಾಡಕ್ಕೆ, ಅವಳ ಕೈಯೆತ್ತರದಲ್ಲಿ, ಬೆರಳು ಕೂರುವಷ್ಟು ಆಳದ ಕಚ್ಚು ಹಾಕಿದ.