ದೊಡ್ಡ ಕತ್ತರಿ

ಟೈಲರ್ ತನ್ನ ದೊಡ್ಡ ಕತ್ತರಿಯನ್ನು ಹೊಸ ಹುಡುಗಿಯ ಕೈಗಿಟ್ಟು ಗಿರಾಕಿಯ ಜೊತೆ ಮಾತಾಡಲು ಹೊರಗೆ ಹೋದ. ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಅವನ ಹೆಂಡತಿಯ ಸೂಜಿ ಅರ್ಧಕ್ಕೇ ನಿಂತಿತು. ಇಪ್ಪತ್ತೆರಡು ವರ್ಷದಿಂದ ಈ ಅಂಗಡಿಯಲ್ಲಿ ಅವಳದು ಕಾಜಾ, ಗುಂಡಿ, ಅಂಚು. ಆ ಕತ್ತರಿಯನ್ನು ಅವಳು ಒರೆಸಿಟ್ಟಿದ್ದುಂಟು, ಬಟ್ಟೆಗೆ ಹಾಕಿದ್ದಿಲ್ಲ. ಇವಳೋ, ನಿನ್ನೆ ಮೊನ್ನೆ ಬಂದವಳು.

ಹುಡುಗಿ ಮೇಜಿನ ಮೇಲೆ ಮಖಮಲ್ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಕೂತಲ್ಲಿಂದಲೇ ಹೆಂಡತಿಗೆ ಕಂಡಿತು, ಒಂದು ತೋಳಿನ ಗೆರೆ ತಲೆಕೆಳಗಾಗಿದೆ. ಮಖಮಲ್ಲಿನ ನವಿರು ರೋಮ ಒಂದೇ ದಿಕ್ಕಿಗೆ ಮಲಗಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಆ ತೋಳು ಬೇರೆ ಬಣ್ಣವಾಗಿಯೇ ಕಾಣುತ್ತದೆ. ಕತ್ತರಿಸಲಿ, ಅಂದುಕೊಂಡಳು. ಕೊಟ್ಟವರಿಗೂ ಬುದ್ಧಿ ಬರಲಿ.

ಕತ್ತರಿ ಬಾಯಿ ತೆರೆದದ್ದೇ ಅವಳಿಗೆ ತಡೆಯಲಾಗಲಿಲ್ಲ. ಒಳ್ಳೆಯ ಬಟ್ಟೆ. "ನಿಲ್ಲೇ" ಅಂತ ಎದ್ದುಹೋಗಿ, ಅಂಗೈಯಲ್ಲಿ ಸವರಿ ತಪ್ಪು ತೋರಿಸಿದಳು.

"ಉಳಿಸಿದ್ರಿ ಅಕ್ಕ" ಅಂದಳು ಹುಡುಗಿ, ಬೆವರುತ್ತಾ.

"ನಿನ್ನಲ್ಲಿ ಅದೇನು ಕಂಡು ಕೊಟ್ರೋ ಕತ್ತರೀನ."

"ಏನೂ ಕಂಡಿಲ್ಲ ಅಕ್ಕ. ಬಂದ ದಿನದಿಂದ ಕೇಳ್ತಾನೇ ಇದ್ದೆ, ಕಾಟ ತಡೀಲಾರದೆ ಕೊಟ್ರು. ನೀವು ಕೇಳಿದಾಗ ಏನಂದ್ರು?"

ಹೆಂಡತಿ ಮೇಜಿನ ಮೇಲಿದ್ದ ಸೀಮೆಸುಣ್ಣ ಎತ್ತಿಕೊಂಡಳು. ಆಮೇಲೆ ಹಳೆಯ ಗೆರೆ ಒರೆಸಿ, ತೋಳನ್ನು ತಿರುಗಿಸಿ ಬರೆದಳು. ಗಂಡ ಒಳಗೆ ಬಂದಾಗ ಅವಳ ಕೈ ಕತ್ತರಿಗಾಗಿ ಹುಡುಗಿಯ ಮುಂದೆ ಚಾಚಿತ್ತು.

"ರೀ," ಅಂದಳು ತಲೆ ಎತ್ತದೆ, "ಇದನ್ನ ನಾನು ಕತ್ತರಿಸ್ತೀನಿ. ಆ ಗುಂಡಿ ಅಲ್ಲೇ ಇವೆ, ನೀವು ನೋಡ್ಕೊಳ್ಳಿ."