ಕೊಯ್ದ ತುಂಡು

"ಭುಜಕ್ಕೆ ಜೋರಾಗಿ ಒದೀತಾ?" ಆರ್ವಿಲ್ ಕೇಳಿದ.

"ಇಲ್ಲ, ಬೆಕ್ಕು ತಳ್ಳಿದ ಹಾಗಿತ್ತು," ಎಂದು ಹೆಂಡತಿ ಲೊರೀನ್ ಗುರಿಹಲಗೆಗೆ ಗುಂಡು ಹಾರಿಸಿದ ಹೊಸ ರೈಫಲ್ಲನ್ನು ಬೆಂಚಿನ ಮೇಲಿಟ್ಟಳು. ಅಗ್ಗದ ಬಿಡಿಭಾಗ ಹುಡುಕಿ ಜೋಡಿಸಿ, ಭುಜಕ್ಕೊತ್ತುವ ಮರವನ್ನು ಅವಳ ತೋಳಿನ ಅಳತೆಗೆ ಕೊಯ್ದು, ಮೊಂಟಾನಾದ ಚಳಿಗಾಲವಿಡೀ ಅವನು ಅದಕ್ಕಾಗಿ ದಣಿದಿದ್ದ. ಈಗ ಎಲ್ಕ್ ಜಿಂಕೆ ಬೇಟೆಯ ತನ್ನ ದೊಡ್ಡ ರೈಫಲ್ ಎತ್ತಲು ಹೋಗಿ, ಮುಖ ಕಿವುಚಿ, ನೋಯುವ ಬಲಭುಜ ಹಿಡಿದು ಕೂತ.

ಲೊರೀನ್ ಕೋಟಿನ ಜೇಬಿನಿಂದ ಅವನು ಕೊಯ್ದೆಸೆದಿದ್ದ ಮರದ ತುಂಡನ್ನೂ ಎರಡು ಉದ್ದ ಸ್ಕ್ರೂಗಳನ್ನೂ ತೆಗೆದಿಟ್ಟಳು. "ಇದನ್ನ ಹೊಸ ರೈಫಲ್ಲಿಗೆ ಮತ್ತೆ ಹಚ್ಚು. ನಿನ್ನ ಅಳತೆಗೆ ಸರಿಹೋಗತ್ತೆ."

"'ನಂಗೆ ಬೇಕು' ಅಂತ ನೀನೇ ಅಂದಿದ್ಯಲ್ಲ?"

"ನಿಂಗೋಸ್ಕರ ಅಂದಿದ್ರೆ ಮಾಡ್ತಿದ್ಯಾ, ಮೊಂಡ?"

ಆರ್ವಿಲ್ ಬಲಗೈಯನ್ನು ಮಡಿಲಲ್ಲೇ ಬಿಟ್ಟು, ಎಡಗೈಯಿಂದ ಸ್ಕ್ರೂಡ್ರೈವರನ್ನು ಅವಳತ್ತ ಚಾಚಿದ.

"ನೀನೇ ಹಚ್ಚು."