ಖಾರವಿಲ್ಲದ ಪಾತಿ

ನಝೀಹಾ ಒದ್ದೆ ಕೈಯಲ್ಲಿ ನಾಲ್ಕನೆಯ ರೊಟ್ಟಿಯನ್ನು ಮಣ್ಣೊಲೆಯ ಒಳಗೋಡೆಗೆ ಬಡಿಯುತ್ತಿದ್ದಾಗ ಪಕ್ಕದ ಮನೆಯ ಗೋಡೆಯ ಮೇಲೆ ಮೊಂಜಿಯಾಳ ತಲೆ ಕಾಣಿಸಿತು. ತಲೆಗಿಂತ ಮೊದಲು ದನಿ ಬಂದಿತ್ತು.

"ನಝೀಹಾ! ನನ್ನ ಮಾನ ಕಳೆದೆಯಲ್ಲೇ! ಮಗಳ ಅತ್ತೆ ಟ್ಯುನಿಸ್‌ನಿಂದ ಬಂದಿದ್ದಾಳೆ. ನಿನ್ನೆ ಮಧ್ಯಾಹ್ನ ಒಂದು ತುತ್ತು ಬಾಯಿಗಿಟ್ಟವಳು ಇನ್ನೂ ಬಿಕ್ಕಳಿಸ್ತಾ ಇದ್ದಾಳೆ. ಅದು ಸಿಹಿ ಮೆಣಸಿನಕಾಯಾ? ಬೆಂಕಿ ಕಣೇ, ಬೆಂಕಿ!"

"ಮೆಲ್ಲಗೆ ಮೊಂಜಿಯಕ್ಕಾ. ನಾನು ನಿಮಗೆ ಮೆಣಸಿನಕಾಯಿ ಕೊಟ್ಟೇ ಇಲ್ವಲ್ಲ?"

"ನೀನೆಲ್ಲಿ ಕೊಡ್ತೀಯ, ನಾನೇ ಕೈಚಾಚಿ ಕಿತ್ಕೊಂಡೆ. ಐದೇ ಐದು. ಪಾತಿ ತುದೀಲಿ ಕೋಲಿಗೆ ಬೀಜದ ಪೊಟ್ಟಣ ಸಿಕ್ಕಿಸಿದ್ದೀಯಲ್ಲ, 'ಸಿಹಿ' ಅಂತ ಇಷ್ಟು ದಪ್ಪ ಅಕ್ಷರ. ಅದನ್ನ ನಂಬಿ ಕೆಟ್ಟೆ. ಐದು ಕಾಯಿ ಕದ್ದಿದ್ದಕ್ಕೆ ಇಷ್ಟೊಂದು ಶಿಕ್ಷೇನಾ?"

ಒಲೆಯ ಗೋಡೆಗೆ ಸರಿಯಾಗಿ ಅಂಟದ ರೊಟ್ಟಿ ಕಳಚಿ ಕೆಂಡಕ್ಕೆ ಬಿತ್ತು. ನಝೀಹಾ ಅತ್ತ ನೋಡಲಿಲ್ಲ. ಅಂಜೂರದ ಮರದ ಕೆಳಗೆ ಕೂತಿದ್ದ ಮಾವನ ಕಡೆ ನೋಡಿದಳು. ಮೊಂಜಿಯಾಳದು ಮೂರು ಬೀದಿಗೆ ಕೇಳುವ ಗಂಟಲು. ಮಾವನಿಗೆ ಕೇಳಿಸದೆ ಇರುವುದುಂಟೇ?

ಐದು ತಿಂಗಳ ಹಿಂದೆ ಮಾವ ಶಾದ್ಲಿಗೆ ಹೊಟ್ಟೆಯಲ್ಲಿ ಹುಣ್ಣಾಗಿ, ಇನ್ನು ಖಾರ ಮುಟ್ಟಿದರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಎಪ್ಪತ್ತು ವರ್ಷ ಬೆಳಗಿನ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ಹರೀಸಾ ಬಳಿದುಕೊಂಡೇ ತಿಂದ ಜೀವ ಅದು. ಸಪ್ಪೆ ಊಟದ ಮುಂದೆ ಕೂತು ಸುಮ್ಮನೆ ತಟ್ಟೆ ಸರಿಸಿಬಿಡುತ್ತಿದ್ದರು. ಆಗ ನಝೀಹಾಳೇ ಕಟ್ಟಳೆ ಮಾಡಿದಳು: ಮಾವ ತಿನ್ನದ್ದನ್ನು ಈ ಮನೆಯಲ್ಲಿ ಯಾರೂ ತಿನ್ನಕೂಡದು. ಹರೀಸಾ ಜಾಡಿಗಳೆಲ್ಲ ನಾದಿನಿಯ ಮನೆ ಸೇರಿದವು. ನಾಬುಲ್ ಸಂತೆಯಿಂದ ಸಿಹಿ ಮೆಣಸಿನ ಬೀಜ ತಂದು, ಮಗಳು ಯುಸ್ರಾಳ ಪುಟ್ಟ ಬೆರಳಿಂದಲೇ ಊರಿಸಿದಳು. ಮಾವ ಮೆಲ್ಲಗೆ ಉಣ್ಣತೊಡಗಿದರು. ಹುಣ್ಣು ಮಾಯುತ್ತಿದೆ, ಎಲ್ಲ ಸೊಸೆಯ ಕೈಗುಣ ಎಂದು ಹೋದ ವಾರ ಡಾಕ್ಟರೇ ಹೊಗಳಿದ್ದರು.

ಆದರೆ ಗಿಡ ಕಾಯಿ ಬಿಟ್ಟಾಗ ಮೊದಲ ಕಾಯಿ ಕಚ್ಚಿ ನೋಡಿದವಳು ಅವಳು. ಕಿವಿಯವರೆಗೆ ಉರಿ ಹತ್ತಿತು. ಬೀಜ ಮಾರಿದವನಿಗೆ ಮನಸಾರೆ ಶಾಪ ಹಾಕಿದಳು. ಎಲ್ಲ ಗಿಡವೂ ಹೀಗಿರಲಾರದು ಎಂದು ಪರೀಕ್ಷೆಗೆ ಇನ್ನೊಂದನ್ನು ಕಚ್ಚಿದಳು. ಮೂರನೆಯದಕ್ಕೆ ನೆಪ ಹುಡುಕಲಿಲ್ಲ. ಅಲ್ಲಿಂದ ಮುಂದೆ, ಕಾಯಿ ಇನ್ನೂ ಬಲಿತಿಲ್ಲ ಎಂದು ಮನೆಯವರಿಗೆಲ್ಲ ಹೇಳಿ, ದಿನಕ್ಕೊಂದನ್ನು ಯುಸ್ರಾಳ ಕೈಯಲ್ಲಿ ಗುಟ್ಟಾಗಿ ತರಿಸಿಕೊಂಡು, ಒಲೆಯ ಹಿಂದೆ ನಿಂತು ಬಿಸಿ ರೊಟ್ಟಿಯಲ್ಲಿ ಮಡಚಿ ತಿನ್ನುತ್ತಿದ್ದಳು. ಆರು ವರ್ಷದ ಮಗುವಿಗೆ "ಯಾರಿಗೂ ಹೇಳ್ಬೇಡ ಬಂಗಾರ" ಎನ್ನುವಾಗ ಒಳಗೆ ಚುಚ್ಚುತ್ತಿತ್ತು. ರೊಟ್ಟಿಯ ಪರಿಮಳ ಮೂಗಿಗೆ ಬಡಿದರೆ ಚುಚ್ಚಿದ್ದು ಮರೆಯುತ್ತಿತ್ತು.

ಇನ್ನು ಅದು ನಡೆಯದು. ಈಗಷ್ಟೇ ಮಾಯುತ್ತಿರುವ ಹೊಟ್ಟೆ. ಬೆಂಕಿಯಂಥ ಕಾಯಿಯನ್ನು ಮಾವನ ಕಣ್ಣೆದುರು ತೂಗಾಡಿಸುವುದು ಬೇಡ. ನಝೀಹಾ ಕೈ ಒರೆಸಿಕೊಂಡು ಗುದ್ದಲಿ ತಂದಳು. ಮಾವ ಎದ್ದು ಬಂದರು, ಹಲ್ಲುಜ್ಜುತ್ತಿದ್ದ ಗಂಡ ಲಮ್ಜದ್ ಬಾಯಿ ತೊಳೆಯದೆಯೇ ಓಡಿ ಬಂದ. ಮೊಂಜಿಯಾ ಗೋಡೆ ಬಿಟ್ಟು ಕದಲಲಿಲ್ಲ.

ಎಲೆ ಸರಿಸಿ ನೋಡಿದ ನಝೀಹಾಳಿಗೆ ಸೋಜಿಗವಾಯಿತು. ಇಪ್ಪತ್ತು ಗಿಡ, ಕಾಯಿ ನಾಲ್ಕೋ ಐದೋ. ಉಳಿದ ಕಡೆಯೆಲ್ಲ ಬರೀ ತೊಟ್ಟು.

"ಮೊಂಜಿಯಕ್ಕಾ, ನಿಜ ಹೇಳಿ, ಎಷ್ಟು ಕಿತ್ರಿ?"

"ಐದು ಅಂದ್ನಲ್ಲ! ಆರನೇದು ಕೀಳೋಕೆ ನನಗೇನು ಹುಚ್ಚಾ?"

"ಕಿತ್ತು ಎಸೆದುಬಿಡು ಮಗಳೇ," ಎಂದರು ಮಾವ, ಅಂಜೂರದ ಮರದ ತುದಿಯನ್ನು ನೋಡುತ್ತಾ. "ಖಾರ ಅಂದ್ರೆ ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ ನನಗೆ."

"ಪಾಪ, ಗಿಡ ಏನು ತಪ್ಪು ಮಾಡ್ತು ಅಪ್ಪಾ?" ಲಮ್ಜದ್ ಅವಸರದಲ್ಲಿ ಹೇಳಿದ. "ಇರ್ಲಿ ಬಿಡು ನಝೀಹಾ. ಒಂದು ಸ್ವಲ್ಪ ನೆರಳಾಗುತ್ತೆ."

"ಮೊಣಕಾಲುದ್ದದ ಗಿಡ ಯಾರಿಗಪ್ಪಾ ನೆರಳು? ಇರುವೆಗಾ?" ಗೋಡೆಯಾಚೆಯಿಂದ ಮೊಂಜಿಯಾ ಕೇಳಿದಳು.

"ತಿನ್ನೋರಿಲ್ಲದ ಗಿಡಕ್ಕೆ ನೀರು ಯಾಕೆ ದಂಡ?" ನಝೀಹಾ ಗಂಡನ ಕಡೆ ತಿರುಗಿದಳು. "ನೀವು ತಿಂತೀರಾ?"

"ನಾನಾ? ಛೆ ಛೆ. ಅಪ್ಪ ಬಿಟ್ಟಿದ್ದನ್ನ ನಾನು ಮುಟ್ತೀನಾ?"

"ನೀನೇನಾದ್ರೂ ತಿಂತೀಯಾ ಮಗಳೇ?" ಮಾವ ಕೇಳಿದರು.

"ಕಟ್ಟಳೆ ಮಾಡಿದವಳೇ ನಾನು ಮಾವ," ಎಂದಳು. ಕೆನ್ನೆ ಒಲೆಯ ಮುಂದೆ ಕೂತಂತೆ ಬಿಸಿಯಾಯಿತು.

"ಸರಿ ಹಾಗಾದ್ರೆ. ಈ ಮನೇಲಿ ಇದನ್ನ ತಿನ್ನೋರು ಯಾರೂ ಇಲ್ಲ," ಮಾವ ತೀರ್ಪು ಕೊಟ್ಟರು. ದನಿಯಲ್ಲಿ ಏಕೋ ಜೀವವೇ ಇರಲಿಲ್ಲ.

ನಝೀಹಾ ಗುದ್ದಲಿ ಎತ್ತಿದಳು. ಸೆರಗಿನಂತೆ ಅವಳ ಹಿಂದೆಯೇ ನಿಂತಿದ್ದ ಯುಸ್ರಾ ಮುಂದೆ ಬಂದಳು. ಅಜ್ಜನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೆಯ ಸಲ ತಡೆಯಲಾಗಲಿಲ್ಲ.

"ಅಮ್ಮಾ, ಹಾಗಾದ್ರೆ ನಾಳೆಯಿಂದ ನಿಮ್ಮ ಮೂರು ಜನರಲ್ಲಿ ಯಾರಿಗೂ ನಾನು ಕಿತ್ತು ತಂದ್ಕೊಡೋದು ಬೇಡ್ವಾ?"